ಶಾಲಾ ಮಕ್ಕಳ ಆಟ ಮತ್ತು ಮನಸ್ಸಿನ ಆರೋಗ್ಯ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ನಮ್ಮ ಮಕ್ಕಳ ವಿಭಾಗಕ್ಕೆ ಬರುವ ತಾಯಂದಿರಲ್ಲಿ ಅನೇಕರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರೊಳಗೆ ಬೇರೆ ಬೇರೆ ದವಾಖಾನೆಗಳ ಚೀಟಿ, ರಕ್ತ ಪರೀಕ್ಷೆಯ ವರದಿ, ಸ್ಕ್ಯಾನಿಂಗ್ ಕಾಗದ. ಒಂದು ವರ್ಷ ದೀಪಾವಳಿ ಮುಗಿದ ವಾರ ಸಿಂದಗಿ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಇಂಥದೇ ಚೀಲ ಹಿಡಿದು ಒಂಬತ್ತನೇ ತರಗತಿಯ ಮಗಳನ್ನು ಕರೆದುಕೊಂಡು ಬಂದರು.

"ಅಕ್ಕಾರ, ಮೂರು ತಿಂಗಳಾತ್ರಿ. ಮುಂಜಾನೆ ಸಾಲಿಗೆ ಹೊಂಟ್ಳು ಅಂದ್ರ ಹೊಟ್ಟಿ ನೋಯ್ತೈತಿ ಅಂತಾಳ. ಎರಡು ಸಲ ಸ್ಕ್ಯಾನಿಂಗ್ ಮಾಡ್ಸೀವಿ, ಏನೂ ಇಲ್ಲ ಅಂತಾರ. ನಾಟಕ ಮಾಡ್ತಾಳೇನ್ರಿ?"

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ವೈದ್ಯರು ಹೊಟ್ಟೆ ಮುಟ್ಟಿ ನೋಡಿದರು, ತೂಕ ನೋಡಿದರು, ಹಳೆಯ ವರದಿಗಳನ್ನೆಲ್ಲ ಓದಿದರು. ರಕ್ತ ಸ್ವಲ್ಪ ಕಡಿಮೆ ಇತ್ತು. ಬೇರೇನೂ ಕಾಣಲಿಲ್ಲ. ಆಮೇಲೆ ನಾನು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮುಂಜಾನೆಯಿಂದ ರಾತ್ರಿಯವರೆಗೆ ಏನೇನು ಮಾಡುತ್ತಿ ಎಂದು ಕೇಳಿದೆ. ಐದಕ್ಕೆ ಎದ್ದು ಓದು. ನೀರು ತುಂಬುವುದು, ಕಸ ಹೊಡೆಯುವುದು. ಬಸ್ಸು, ಶಾಲೆ, ಟ್ಯೂಷನ್. ಮನೆಗೆ ಬಂದು ರೊಟ್ಟಿಗೆ ಕೈಜೋಡಿಸುವುದು, ಮತ್ತೆ ಓದು. ಎಲ್ಲರೂ ಮಲಗಿದ ಮೇಲೆ ಅಪ್ಪನ ಮೊಬೈಲ್. ಏಳನೇ ತರಗತಿಯವರೆಗೆ ಶಾಲೆಯ ಖೋಖೋ ತಂಡದಲ್ಲಿದ್ದಳಂತೆ. "ಈಗ್ಯಾಕ ಬಿಟ್ಟಿ?" ಎಂದರೆ ತಾಯಿಯೇ ಉತ್ತರ ಕೊಟ್ಟರು: "ದೊಡ್ಡಾಕಿ ಆದಳಲ್ರಿ. ಮ್ಯಾಲ ಮುಂದಿನ ವರ್ಷ ಎಸ್.ಎಸ್.ಎಲ್.ಸಿ."

ವೈದ್ಯರು ಜಂತುಹುಳದ ಒಂದು ಗುಳಿಗೆ ಮತ್ತು ಕಬ್ಬಿಣಾಂಶದ ಗುಳಿಗೆ ಬರೆದರು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ "ದಿನಾಲು ಸಂಜೆ ಒಂದು ತಾಸು ಖೋಖೋ" ಎಂದು ಬರೆದು ಸಹಿ ಮಾಡಿದರು. ತಾಯಿ ಚೀಟಿಯನ್ನು ತಿರುವಿ ಹಿಂದೆ ನೋಡಿದರು. "ಹೊಟ್ಟಿ ಬ್ಯಾನಿ ಗುಳಿಗಿ ಎಲ್ಲಿ ಬರದಾರ್ರಿ?" ಎಂದು ನನ್ನನ್ನು ಕೇಳಿದರು. ಅವರಿಗೆ ನಾನು ಅಂದು ನಿಂತಲ್ಲೇ ಹೇಳಿದ್ದನ್ನು ನಿಮಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅದು ನಾಟಕವಲ್ಲ

ಮೊದಲನೆಯ ಮಾತು. ಮಗುವಿನ ಹೊಟ್ಟೆನೋವು, ತಲೆನೋವು, ಎದೆ ಢವಢವ ಎನ್ನುವುದು, ಶಾಲೆಗೆ ಹೊರಟಾಗ ವಾಕರಿಕೆ, ಇವು ಪರೀಕ್ಷೆಯಲ್ಲಿ ಕಾಣದಿದ್ದ ಮಾತ್ರಕ್ಕೆ ಸುಳ್ಳಲ್ಲ. ಮನಸ್ಸಿಗೆ ಹೆದರಿಕೆಯಾದಾಗ ದೇಹ ಓಡಲು ಇಲ್ಲವೆ ಹೋರಾಡಲು ಸಿದ್ಧವಾಗುತ್ತದೆ. ಹೃದಯದ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಹೊಟ್ಟೆ ಹಿಂಡಿದಂತಾಗುತ್ತದೆ. ಹೊಲದಲ್ಲಿ ಹಾವು ಕಂಡರೆ ನಿಮಗೂ ಹೀಗೇ ಆಗುತ್ತದೆ. ಆದರೆ ನೀವು ಓಡುತ್ತೀರಿ, ಸ್ವಲ್ಪ ಹೊತ್ತಿಗೆ ಎಲ್ಲವೂ ಇಳಿಯುತ್ತದೆ. ಪರೀಕ್ಷೆಯ ಹೆದರಿಕೆ ಇರುವ ಮಗು ಓಡುವುದಿಲ್ಲ, ಬೆಂಚಿನ ಮೇಲೆ ಕೂತೇ ಇರುತ್ತದೆ. ಆ ಬಿಗಿ ಇಳಿಯಲು ದಾರಿ ಬೇಕು. ಮಕ್ಕಳಿಗೆ ಆ ದಾರಿ ಆಟ.

ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂದರೆ ಮೊದಲು ಬಂದ್ ಆಗುವುದು ಆಟ. ಟಿ.ವಿ. ಆಮೇಲೆ, ಮೊಬೈಲ್ ಕೊನೆಗೆ. ನನ್ನ ಅಭಿಪ್ರಾಯ ಕೇಳಿದರೆ ಈ ಸರದಿ ತಲೆಕೆಳಗಾಗಿದೆ.

ಆಡಿದರೆ ಒಳಗೆ ಏನಾಗುತ್ತದೆ?

ಮಗು ಬೆವರುವಷ್ಟು ಓಡಿದಾಗ ಮೆದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ನೋವು ತಗ್ಗಿಸುವ, ಮನಸ್ಸನ್ನು ಹಗುರ ಮಾಡುವ ಕೆಲವು ರಾಸಾಯನಿಕಗಳು ಉತ್ಪತ್ತಿಯಾಗುತ್ತವೆ. ದೇಹ ದಣಿಯುವುದರಿಂದ ರಾತ್ರಿ ನಿದ್ದೆ ಗಾಢವಾಗಿ ಬರುತ್ತದೆ. ಹಗಲು ಬೆಳಕಿನಲ್ಲಿ ಇದ್ದ ಮಗುವಿಗೆ ನಿದ್ದೆಯ ವೇಳೆಯೂ ಸರಿಹೋಗುತ್ತದೆ. ನಿದ್ದೆ ಸರಿಯಾದರೆ ಸಿಟ್ಟು, ಅಳು, ಮರೆವು ಅರ್ಧ ಕಡಿಮೆಯಾದದ್ದನ್ನು ಅನೇಕ ತಾಯಂದಿರು ನನಗೆ ಹೇಳಿದ್ದಾರೆ.

ಇನ್ನೊಂದು ಲಾಭ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಓಡಿದಾಗಲೂ ಎದೆ ಢವಢವ ಎನ್ನುತ್ತದೆ, ಉಸಿರು ಏರುತ್ತದೆ, ಬೆವರು ಬರುತ್ತದೆ. ಎರಡು ನಿಮಿಷ ಕೂತರೆ ತಾನೇ ಇಳಿಯುತ್ತದೆ. ದಿನವೂ ಇದನ್ನು ಕಂಡ ಮಗುವಿಗೆ ಎದೆ ಬಡಿತದ ಭಯ ಹೋಗುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಬಡಿದುಕೊಂಡರೂ "ಇದು ಇಳೀತೈತಿ" ಎಂಬ ಧೈರ್ಯ ಅದಕ್ಕೆ ಇರುತ್ತದೆ. ಕಬಡ್ಡಿಯಲ್ಲಿ ಔಟಾಗಿ ಹೊರಗೆ ಕೂತು ಮತ್ತೆ ಒಳಗೆ ಬರುವ ಮಗು ಸೋಲನ್ನು ದಿನಕ್ಕೆ ಹತ್ತು ಸಲ ನೋಡಿರುತ್ತದೆ. ಮನೆಯಲ್ಲೇ ಕೂತು ಬೆಳೆದ ಮಗುವಿಗೆ ಮೊದಲ ದೊಡ್ಡ ಸೋಲು ಎಂದರೆ ಪರೀಕ್ಷೆಯದೇ ಆಗಿಬಿಡುತ್ತದೆ.

"ಆಡಿದ್ರ ಓದು ಹಾಳಾಗ್ತೈತಿ" ಎನ್ನುವ ತಂದೆಯರಿಗೆ ಒಂದು ಅಧ್ಯಯನ ಹೇಳುತ್ತೇನೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 7ರಿಂದ 9 ವರ್ಷದ 221 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ಆಟ, ಓಟ ಮಾಡಿಸಿದರು. 2014ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಗಮನ ಚದುರದಂತೆ ಹಿಡಿದಿಟ್ಟುಕೊಳ್ಳುವ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವ ಪರೀಕ್ಷೆಗಳಲ್ಲಿ ಆಡಿದ ಗುಂಪಿನ ಮಕ್ಕಳೇ ಹೆಚ್ಚು ಸುಧಾರಿಸಿದ್ದರು. ಓದಿಗೆ ಬೇಕಾದದ್ದು ಇದೇ ಅಲ್ಲವೇ?

ಯೋಗ ಸಾಕೋ, ಆಟವೇ ಬೇಕೋ ಎಂದೂ ಕೇಳುತ್ತಾರೆ. ಹರಿದ್ವಾರದಲ್ಲಿ 8ರಿಂದ 13 ವರ್ಷದ 98 ಶಾಲಾ ಮಕ್ಕಳಿಗೆ ಮೂರು ತಿಂಗಳು, ಅರ್ಧ ಜನಕ್ಕೆ ಯೋಗ, ಅರ್ಧ ಜನಕ್ಕೆ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಎರಡರಿಂದಲೂ ಲಾಭ ಕಂಡಿತು. ಗೆಳೆಯರ ನಡುವೆ ತನ್ನ ಬಗ್ಗೆ ಇರುವ ವಿಶ್ವಾಸ ಮಾತ್ರ ವ್ಯಾಯಾಮದ ಗುಂಪಿನಲ್ಲಿ ಹೆಚ್ಚಾಗಿತ್ತು. ಆದ್ದರಿಂದ ಮುಂಜಾನೆ ಸೂರ್ಯನಮಸ್ಕಾರ ಮಾಡುವ ಮಗುವನ್ನು ಸಂಜೆ ಆಟಕ್ಕೂ ಬಿಡಿ.

ಎಷ್ಟು ಆಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಚಟುವಟಿಕೆ ಮಾಡಬೇಕು. ವಾರದಲ್ಲಿ ಕನಿಷ್ಠ ಮೂರು ದಿನವಾದರೂ ಜೋರು ಓಟ, ಜಿಗಿತ, ಎಲುಬು ಮತ್ತು ಸ್ನಾಯುಗಳಿಗೆ ಬಲ ಬರುವಂಥ ಆಟ ಇರಬೇಕು. ಒಂದೇ ಸಲ ಒಂದು ತಾಸು ಆಗಬೇಕೆಂದಿಲ್ಲ. ಮುಂಜಾನೆ ಇಪ್ಪತ್ತು ನಿಮಿಷ, ಸಂಜೆ ನಲವತ್ತು ನಿಮಿಷ ಆದರೂ ಸರಿ. ಅಳತೆ ಹೇಗೆ? ಆಡುವಾಗ ಮಗು ಮಾತಾಡಬಲ್ಲದು, ಆದರೆ ಹಾಡಲಾರದು ಎಂದರೆ ಅದು ಸಾಕಷ್ಟು ಶ್ರಮ.

2016ರ ಅಂಕಿಅಂಶಗಳ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದ ಪ್ರತಿ ನೂರು ಮಕ್ಕಳಲ್ಲಿ ಸುಮಾರು 81 ಮಕ್ಕಳು ಇಷ್ಟು ಆಡುತ್ತಿರಲಿಲ್ಲ. ಅದು ಕೊರೊನಾಕ್ಕಿಂತ ಮೊದಲಿನ ಮಾತು. 2020ರ ಮಾರ್ಚಿನಲ್ಲಿ ಮುಚ್ಚಿದ ನಮ್ಮ ರಾಜ್ಯದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಓದಿಗೆಂದು ಮನೆಗೆ ಬಂದ ಮೊಬೈಲ್ ಶಾಲೆ ತೆರೆದ ಮೇಲೂ ಮನೆಯಲ್ಲೇ ಉಳಿಯಿತು. ಆಗ ಚಿಕ್ಕವರಿದ್ದ ಮಕ್ಕಳು ಈಗ ದೊಡ್ಡ ತರಗತಿಗಳಲ್ಲಿದ್ದಾರೆ, ಲಗೋರಿ ಆಡುವ ವಯಸ್ಸಿನಲ್ಲಿ ಅವರು ಲಗೋರಿ ಆಡಲಿಲ್ಲ.

ಆಟಕ್ಕೆ ದುಡ್ಡು ಬೇಕಿಲ್ಲ. ಕಬಡ್ಡಿ, ಖೋಖೋ, ಲಗೋರಿ, ಚಿಣಿಪಣಿ, ಕುಂಟಾಟ, ಹಗ್ಗದಾಟ ಇವೆಲ್ಲ ನಮ್ಮ ಓಣಿಯಲ್ಲೇ ಇದ್ದವು. ಸೈಕಲ್ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ವಿಜಯಪುರ ಜಿಲ್ಲೆ ಸೈಕ್ಲಿಂಗ್‌ಗೆ ಹೆಸರಾದದ್ದು. ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದ ಸೈಕ್ಲಿಸ್ಟರಲ್ಲಿ ಈ ಕಡೆಯ ರೈತ ಮನೆಗಳ ಮಕ್ಕಳಿದ್ದಾರೆ. 2006-07ರಲ್ಲಿ ಆರಂಭವಾಗಿ ಕೊರೊನಾ ಕಾಲದಲ್ಲಿ ನಿಂತ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ ಎಷ್ಟೋ ಮನೆಗಳ ದನದ ಕೊಟ್ಟಿಗೆಯಲ್ಲಿ ಗಾಳಿ ಇಲ್ಲದೆ ನಿಂತಿರುವುದನ್ನು ನಾನು ನೋಡಿದ್ದೇನೆ. ಪಂಕ್ಚರ್ ತೆಗೆಸಿ ತಮ್ಮನಿಗೋ ತಂಗಿಗೋ ಕೊಡಿ. ಹೆದ್ದಾರಿಗೆ ಮಾತ್ರ ಬಿಡಬೇಡಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ತಿಂಗಳಲ್ಲಂತೂ ಬೇಡವೇ ಬೇಡ.

ಹೊಲದ ಕೆಲಸ ವ್ಯಾಯಾಮವಲ್ಲವೇ?

ಈ ಪ್ರಶ್ನೆ ಪ್ರತಿ ವಾರ ಬರುತ್ತದೆ. "ನಮ್ಮ ಹುಡುಗ ದ್ರಾಕ್ಷಿ ತ್ವಾಟದಾಗ ದುಡೀತಾನ್ರಿ, ಅಂವಗೆ ಬ್ಯಾರೆ ವ್ಯಾಯಾಮ ಯಾಕ?" ಎನ್ನುತ್ತಾರೆ. ದೇಹಕ್ಕೆ ಶ್ರಮ ಆಗುತ್ತದೆ, ನಿಜ. ಕೊಡ ಹೊರುವ, ಮೇವು ತರುವ ಮಗುವಿನ ಮೈ ಗಟ್ಟಿಯಾಗಿರುತ್ತದೆ. ಆದರೆ ಆಟದಲ್ಲಿ ಮೂರು ವಿಷಯ ಇವೆ: ಮಗು ತಾನಾಗಿ ಇಷ್ಟಪಟ್ಟು ಹೋಗುತ್ತದೆ, ಜೊತೆಗೆ ವಾರಿಗೆಯವರು ಇರುತ್ತಾರೆ, ಬೇಸರವಾದರೆ ಬಿಡಬಹುದು. ದುಡಿಮೆಯಲ್ಲಿ ಈ ಮೂರೂ ಇಲ್ಲ. ಮನಸ್ಸು ಹಗುರಾಗುವುದು ಈ ಮೂರರಿಂದಲೇ. ಮನೆಯ ಕೆಲಸಕ್ಕೆ ಕೈಜೋಡಿಸುವುದು ತಪ್ಪಲ್ಲ. ಅದನ್ನು ಆಟದ ಲೆಕ್ಕಕ್ಕೆ ಹಿಡಿಯಬೇಡಿ.

ದುಡಿಯಲು ಗೋವಾ, ಮಹಾರಾಷ್ಟ್ರ, ಬೆಂಗಳೂರಿಗೆ ಗುಳೆ ಹೋದವರ ಮಕ್ಕಳು ಅಜ್ಜ ಅಜ್ಜಿಯರ ಬಳಿ ಇರುತ್ತಾರೆ. ಈ ಮಕ್ಕಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಅಪ್ಪ ಅವ್ವನ ನೆನಪು ಬಂದಾಗ ಹೇಳಿಕೊಳ್ಳಲು ಯಾರೂ ಇರುವುದಿಲ್ಲ, ಮೊಮ್ಮಗನಿಗೆ ಏನಾದರೂ ಆದರೆ ಯಾರಿಗೆ ಉತ್ತರ ಹೇಳುವುದು ಎಂದು ಅಜ್ಜಿ ಹೊರಗೆ ಬಿಡುವುದಿಲ್ಲ. ಅಜ್ಜಿಯ ಹೆದರಿಕೆ ನ್ಯಾಯವಾದದ್ದೇ. ಹಾಗಿದ್ದರೆ ಅಜ್ಜನೇ ಸಂಜೆ ಕಟ್ಟೆಯ ಮೇಲೆ ಕೂತು ನೋಡಲಿ, ಮಕ್ಕಳು ಕಣ್ಣೆದುರಿಗೇ ಆಡಲಿ.

ಹೆಣ್ಣುಮಕ್ಕಳ ವಿಷಯ

ಮುಟ್ಟು ಶುರುವಾದ ಕೂಡಲೇ ಆಟ ನಿಲ್ಲಿಸುವುದು ನಮ್ಮ ತಾಲೂಕುಗಳಲ್ಲಿ ಇನ್ನೂ ಇದೆ. ವೈದ್ಯಕೀಯವಾಗಿ ಇದಕ್ಕೆ ಯಾವ ಆಧಾರವೂ ಇಲ್ಲ. ಓಡಿದರೆ, ಜಿಗಿದರೆ ಗರ್ಭಕೋಶ ಜಾರುವುದಿಲ್ಲ, ಮುಂದೆ ಮಕ್ಕಳಾಗಲು ತೊಂದರೆಯೂ ಇಲ್ಲ. ಮುಟ್ಟಿನ ದಿನಗಳಲ್ಲೂ ಮಗಳಿಗೆ ಆರಾಮ ಇದ್ದರೆ ಆಡಬಹುದು. ಹಗುರ ವ್ಯಾಯಾಮದಿಂದ ಕಿಬ್ಬೊಟ್ಟೆಯ ನೋವು ಕೆಲವರಿಗೆ ಕಡಿಮೆಯೂ ಆಗುತ್ತದೆ. ಎಲುಬು ಗಟ್ಟಿಯಾಗುವ ವಯಸ್ಸೂ ಇದೇ. ಆಗ ಕೂರಿಸಿದರೆ ಮುಂದೆ ಸೊಂಟನೋವಿಗೆ ನಮ್ಮಲ್ಲಿಗೇ ಬರಬೇಕಾಗುತ್ತದೆ.

ನಿಮ್ಮ ಭಯ ಬೇರೆ ಎಂದು ನನಗೆ ಗೊತ್ತು. ಜನ ಏನಂದಾರು, ಹುಡುಗರು ಏನಾದರೂ ಅಂದರೆ ಎಂಬ ಭಯ. ಅದಕ್ಕೆ ಉತ್ತರ ನಾಲ್ಕೈದು ಮನೆಗಳ ಹುಡುಗಿಯರನ್ನು ಕೂಡಿಸಿ ಕಳಿಸುವುದು, ಶಾಲೆಯ ಅಂಗಳದಲ್ಲೇ ಅರ್ಧ ತಾಸು ಹೆಚ್ಚು ಆಡಿಸಿ ಎಂದು ಶಿಕ್ಷಕರನ್ನು ಕೇಳುವುದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದು ಬರೆದಿದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಆರರಿಂದ ಎಂಟನೇ ತರಗತಿಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರೂ ಇರಬೇಕು. ಎಸ್.ಡಿ.ಎಂ.ಸಿ. ಸಭೆಗೆ ಹೋದಾಗ ಬಿಸಿಯೂಟದ ಜೊತೆಗೆ ಇದನ್ನೂ ಕೇಳಿ. ಆಟದ ಪಿರಿಯಡ್ಡಿನಲ್ಲಿ ಗಣಿತ ಮಾಡಿಸಿದರೆ ಸಂತೋಷಪಡಬೇಡಿ.

ನಮ್ಮ ಬಿಸಿಲು, ನಮ್ಮ ಕಾಲುವೆ

ಮಾರ್ಚಿನಿಂದ ಮೇ ತಿಂಗಳವರೆಗೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ದಿನಗಳಲ್ಲಿ ಮುಂಜಾನೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ಆಡಲಿ. ಆಟಕ್ಕೆ ಮೊದಲು, ನಡುವೆ, ಆಮೇಲೆ ನೀರು ಕುಡಿಯಲಿ. ಮಜ್ಜಿಗೆ, ಉಪ್ಪು ಸಕ್ಕರೆ ಹಾಕಿದ ಲಿಂಬೆಹಣ್ಣಿನ ಪಾನಕ ಒಳ್ಳೆಯದು. ಇಂಡಿಯವರಿಗೆ ಲಿಂಬೆಹಣ್ಣಿನ ಗುಣ ನಾನು ಹೇಳಬೇಕಿಲ್ಲ. ಬಿಸಿಲಲ್ಲಿ ಆಡುವ ಮಗು ತಲೆಸುತ್ತಿ ಬಿದ್ದರೆ, ಮಾತು ತೊದಲಿದರೆ, ಮೈ ಸುಡುತ್ತಿದ್ದರೆ ನೆರಳಿಗೆ ತಂದು ತಣ್ಣೀರಿನಿಂದ ಮೈ ಒರೆಸಿ, ಗಾಳಿ ಬೀಸುತ್ತ, ತಡಮಾಡದೆ ದವಾಖಾನೆಗೆ ತನ್ನಿ.

ಈಜು ಬಹಳ ಒಳ್ಳೆಯ ವ್ಯಾಯಾಮ. ಆದರೆ ಕಾಲುವೆ ಈಜುವ ಜಾಗವಲ್ಲ. ಅದರ ಗೋಡೆ ಜಾರುತ್ತದೆ, ಸೆಳವು ಮೇಲೆ ಕಾಣುವುದಿಲ್ಲ. ಬಾವಿಯಲ್ಲಿ ಕಲಿಸುವುದಾದರೆ ಈಜು ಬಲ್ಲ ದೊಡ್ಡವರು ನೀರೊಳಗೇ ಇರಬೇಕು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿ ಬಂದ ಹುಡುಗರು ಮನೆಯಲ್ಲಿ ಒರಳುಕಲ್ಲು ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡು ಬರುತ್ತಾರೆ. ಗರಡಿಮನೆಯ ಉಸ್ತಾದರಿಲ್ಲದೆ ಭಾರ ಎತ್ತುವುದು ಬೇಡ, ದಂಡ ಬೈಠಕ್ ಮಾಡಲಿ.

ಓಡುವಾಗ ಎಚ್ಚರ ತಪ್ಪಿ ಬಿದ್ದ ಮಗು, ಎದೆನೋವು ಎನ್ನುವ ಮಗು, ಜೊತೆಯವರಿಗಿಂತ ಬಹಳ ಬೇಗ ಏದುಸಿರು ಬಿಡುವ ಮಗು, ಕೀಲುಗಳು ಬಾತು ಜ್ವರ ಬಂದ ಮಗು, ಇಂಥವರನ್ನು ವೈದ್ಯರಿಗೆ ತೋರಿಸಿಯೇ ಆಟಕ್ಕೆ ಬಿಡಬೇಕು. ದಮ್ಮು ಇರುವ ಮಕ್ಕಳು ವೈದ್ಯರು ಹೇಳಿದಂತೆ ಔಷಧಿ ಸೇದಿ ಆಡಬಹುದು. ಮೂರ್ಛೆರೋಗ ಇರುವವರೂ ಆಡಬಹುದು. ಗಿಡ ಹತ್ತುವುದು, ಒಬ್ಬರೇ ನೀರಿಗೆ ಇಳಿಯುವುದು ಬೇಡ. ಕಾಲು ಸ್ವಾಧೀನ ಇಲ್ಲದ ಮಗುವಿಗೂ ಚೆಂಡು ಎಸೆಯುವ, ಹಿಡಿಯುವ ಆಟ ಇದೆ. ಅದನ್ನು ಅಂಪೈರ್ ಮಾಡಿ ಮೂಲೆಯಲ್ಲಿ ನಿಲ್ಲಿಸಬೇಡಿ.

ಆಟ ಸಾಲದಾದಾಗ

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಆಟ ಎಲ್ಲದಕ್ಕೂ ಔಷಧಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ನೂರು ಮಕ್ಕಳಲ್ಲಿ ಸುಮಾರು ಏಳು ಮಕ್ಕಳಿಗೆ ಮಾನಸಿಕ ತೊಂದರೆ ಕಂಡುಬಂತು. ಅಂದರೆ ಒಂದು ತರಗತಿಯಲ್ಲಿ ಮೂವರು ನಾಲ್ವರು. ಇವರಿಗೆ ಆಟ ಆಸರೆಯಾಗುತ್ತದೆ, ಚಿಕಿತ್ಸೆಯ ಬದಲಿಗೆ ಬರುವುದಿಲ್ಲ.

ಎರಡು ವಾರ ಮೀರಿ ಮಗು ಮಂಕಾಗಿದ್ದರೆ, ಇಷ್ಟದ ಆಟವೂ ಬೇಡವೆಂದರೆ, ಊಟ ನಿದ್ದೆ ಕೆಟ್ಟರೆ, ಶಾಲೆಯ ಹೆಸರೆತ್ತಿದರೆ ನಡುಗಿದರೆ ಕರೆದುಕೊಂಡು ಬನ್ನಿ. ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಕಾಡಿಸುತ್ತಾರೆಯೇ, ಮೈ ಮುಟ್ಟುತ್ತಾರೆಯೇ ಎಂದು ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. ಹೌದೆಂದರೆ ನಂಬಿ. ಅಂಥ ಮಗುವಿಗೆ "ಹೋಗಿ ಆಡು" ಎಂದರೆ ಅನ್ಯಾಯವಾಗುತ್ತದೆ. ಮಕ್ಕಳ ಸಹಾಯವಾಣಿ 1098 ಇದೆ.

"ನಾ ಇರಬಾರದು", "ಸತ್ತರ ಚಲೋ" ಎಂದು ಮಗು ಸಿಟ್ಟಿನಲ್ಲಿ ಅಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹೀಗೆ ಕೇಳಿದರೆ ಮಗುವಿಗೆ ಇಲ್ಲದ ವಿಚಾರ ಹುಟ್ಟೀತು ಎಂಬ ಭಯ ಬೇಡ, ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಮನೆಯೊಳಗೆ, ಮಂಚದ ಕೆಳಗೆ ಇಡುವ ರೂಢಿ ನಮ್ಮಲ್ಲಿದೆ. ಫಲಿತಾಂಶದ ದಿನ ಇರಲಿ, ಬೇರೆ ದಿನ ಇರಲಿ, ಅದು ಕೀಲಿ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಕೀಲಿ ದೊಡ್ಡವರ ಬಳಿ ಇರಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ನಂಬರಿಗೆ ಹಗಲು ರಾತ್ರಿ ಯಾವಾಗಲಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಾಳೆಯಿಂದಲೇ ಶುರು ಮಾಡುವವರಿಗೆ ಒಂದು ಮಾತು. ತಿಂಗಳುಗಟ್ಟಲೆ ಕೂತ ಮಗುವನ್ನು ಮೊದಲ ದಿನವೇ ಒಂದು ತಾಸು ಓಡಿಸಬೇಡಿ. ಹದಿನೈದು ನಿಮಿಷದಿಂದ ಶುರು ಮಾಡಿ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಆಡಿ ಬಂದ ಮೇಲೆ ಶೇಂಗಾ ಬೆಲ್ಲವೋ, ಒಂದು ರೊಟ್ಟಿ ಕಾಳುಪಲ್ಯವೋ ಕೊಡಿ. ಬಯ್ದು ಆಡಿಸಬೇಡಿ, ಓದದ್ದಕ್ಕೆ ಶಿಕ್ಷೆ ಎಂದು ಆಟ ಕಸಿಯಬೇಡಿ. ಕೂಡಿದರೆ ನೀವೂ ಜೊತೆಗೆ ನಡೆಯಿರಿ. ರಾತ್ರಿ ಮಲಗುವ ಒಂದು ತಾಸು ಮೊದಲು ಮೊಬೈಲ್ ಅಪ್ಪ ಅವ್ವನ ಕೋಣೆಗೆ ಹೋಗಲಿ, ಅಪ್ಪನೂ ಅದನ್ನು ಕೆಳಗಿಡಲಿ.

ಆ ಸಿಂದಗಿ ಕಡೆಯ ತಾಯಿ ಫೆಬ್ರುವರಿಯಲ್ಲಿ ಮತ್ತೆ ಬಂದರು. ಈ ಸಲ ಮಗಳ ಮೊಣಕಾಲು ತೆರಚಿತ್ತು. "ನೋಡ್ರಿ ಅಕ್ಕಾರ, ನೀವು ಆಡ್ಸು ಅಂದ್ರಿ, ಹಿಂಗ್ ಬಿದ್ದು ಬಂದಾಳ" ಎಂದು ನನ್ನ ಮೇಲೆಯೇ ಸಿಟ್ಟು. ಹೊಟ್ಟೆನೋವು ಹೇಗಿದೆ ಎಂದೆ. "ಪರೀಕ್ಷಿ ಇದ್ದಾಗ ಒಮ್ಮೊಮ್ಮೆ ಬರ್ತೈತ್ರಿ. ಸಾಲಿ ತಪ್ಪಸಂಗಿಲ್ಲ ಈಗ" ಎಂದರು. ಗಾಯಕ್ಕೆ ಸುಣ್ಣ ಮತ್ತು ಅರಿಷಿಣ ಮೆತ್ತಿಕೊಂಡು ಬಂದಿದ್ದರು, ಅದನ್ನು ತೊಳೆಯುವಷ್ಟರಲ್ಲಿ ಹುಡುಗಿ ಎರಡು ಸಲ ಚೀರಿದಳು. ಆಟದಲ್ಲಿ ಗಾಯವಾದರೆ ಹರಿಯುವ ಶುದ್ಧ ನೀರು, ಸಾಬೂನಿನಿಂದ ಮಣ್ಣು ಹೋಗುವ ಹಾಗೆ ತೊಳೆದು ಸ್ವಚ್ಛ ಬಟ್ಟೆ ಕಟ್ಟಿರಿ. ಸುಣ್ಣ, ಕಾಫಿಪುಡಿ, ಸಗಣಿ ಹಚ್ಚಬೇಡಿ. ಧನುರ್ವಾಯು ಬರದಂತೆ ಮಕ್ಕಳಿಗೆ 10ನೇ ವರ್ಷ ಮತ್ತು 16ನೇ ವರ್ಷ ಟಿ.ಡಿ. ಚುಚ್ಚುಮದ್ದು ಹಾಕಿಸಬೇಕು, ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಪುಕ್ಕಟೆ. ನಿಮ್ಮ ಮಗುವಿಗೆ ಹಾಕಿಸಿದ್ದೀರೋ ಇಲ್ಲವೋ ನೆನಪಿಲ್ಲದಿದ್ದರೆ ಲಸಿಕೆಯ ಕಾರ್ಡ್ ತೆಗೆದುಕೊಂಡು ಬನ್ನಿ, ನೋಡಿ ಹೇಳುತ್ತೇವೆ.